ದುಡಿಯುವ ಕಾಲು ಮುರಿದಾಗ: ಒಂದು ಆಟೋ ಮನೆಯ ಐದು ತಿಂಗಳು

ಪ್ರಕರಣ

ಮೈಸೂರಿನ ಹಳೇ ಬಡಾವಣೆಯಲ್ಲೊಂದು ಬಾಡಿಗೆ ಮನೆ. ಯಜಮಾನರಿಗೆ 41 ವರ್ಷ. ಸ್ವಂತ ಆಟೋ, ಅದರ ಸಾಲ ಇನ್ನೂ ಎರಡು ವರ್ಷ ಬಾಕಿ. ಹೆಂಡತಿಗೆ 36, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಗಳು ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು. ಜೊತೆಗೆ ಯಜಮಾನರ ತಾಯಿ, ಬಿಪಿ, ಶುಗರ್ ಎರಡೂ ಇರುವವರು. ಜುಲೈ ಮೊದಲ ವಾರದ ಮಳೆಯಲ್ಲಿ, ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಯಜಮಾನರು ಜಾರಿಬಿದ್ದರು. ಬಲಗಾಲಿನಲ್ಲಿ ಮೊಣಕಾಲ ಕೆಳಗಿನ ದೊಡ್ಡ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಆಪರೇಷನ್ ಆಗಿ ಮೂಳೆಯೊಳಗೆ ರಾಡ್ ಹಾಕಿದರು. ಆರನೇ ದಿನ ಮನೆಗೆ ಬಂದರು. ಇಂಥ ಮೂಳೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಆಟೋದ ಬ್ರೇಕ್ ತುಳಿಯುವುದು ಬಲಗಾಲೇ.

ಮನೆಯವರ ಗುರುತು ಸಿಗಬಾರದೆಂದು ಇಂಥ ಹಲವು ಮನೆಗಳ ಸಂಗತಿಗಳನ್ನು ಒಂದು ಮನೆಯಾಗಿ ಜೋಡಿಸಿ ಇಲ್ಲಿ ಬರೆಯಲಾಗಿದೆ; ಖರ್ಚಿನ ಲೆಕ್ಕ, ವಾರಗಳ ಲೆಕ್ಕ ಎರಡೂ ಹಾಗೆ ಜೋಡಿಸಿದವೇ. ಐದು ತಿಂಗಳ ಕಷ್ಟದಲ್ಲಿ ಮನೆಯವರ ಮನಸ್ಸಿನ ಗೆಲುವು ಎಲ್ಲಿ ಸೋರಿಹೋಯಿತು, ಯಾವುದರಿಂದ ಮತ್ತೆ ತುಂಬಿತು ಎಂಬುದಷ್ಟೇ ಇಲ್ಲಿನ ವಿಷಯ. ಕಾಲಿನ ಚಿಕಿತ್ಸೆ ವೈದ್ಯರದ್ದು.

ಮೊದಲ ಮೂರು ವಾರ

ಮನೆಗೆ ಬಂದ ದಿನದಿಂದಲೇ ಎಲ್ಲರೂ ಯಜಮಾನರಿಗೆ ಹೇಳಿದ್ದು ಒಂದೇ ಮಾತು: ‘ಧೈರ್ಯವಾಗಿರು, ನಗ್ತಾ ಇರು.’ ಹೇಳುವವರಿಗೆ ಇದು ಸುಲಭ. ಕೇಳುವವರಿಗೆ ಅದು ಇನ್ನೊಂದು ಕೆಲಸ. ಕಾಲು ನೋಯುತ್ತಿರುವಾಗ ಮುಖವನ್ನೂ ಸರಿಯಾಗಿಟ್ಟುಕೊಳ್ಳಬೇಕು, ಇಟ್ಟುಕೊಳ್ಳಲಾಗದಿದ್ದರೆ ಅದೂ ತನ್ನದೇ ಸೋಲು.

ನೋಡಿಕೊಂಡು ಹೋಗಲು ಬರುವ ನೆಂಟರದ್ದು ಬೇರೆಯೇ ಅಧ್ಯಾಯ. ದಿನಕ್ಕೆ ಐದಾರು ಜನ, ಕೈಯಲ್ಲಿ ಬ್ರೆಡ್ಡು, ಸೇಬು. ಪ್ರತಿಯೊಬ್ಬರಿಗೂ ಕಾಫಿ, ದಿನಕ್ಕೆ ಅರ್ಧ ಲೀಟರ್ ಹಾಲು ಹೆಚ್ಚುವರಿ. ತಾಯಿ ಪ್ರತಿಯೊಬ್ಬರ ಮುಂದೆಯೂ ಬಿದ್ದ ಕಥೆಯನ್ನು ಮೊದಲಿಂದ ಹೇಳಿ ಅಳುವುದು. ಬಂದವರಲ್ಲಿ ಒಬ್ಬರಾದರೂ ‘ನಮ್ಮ ಷಡ್ಡಕನಿಗೂ ಹೀಗೇ ರಾಡ್ ಹಾಕಿದ್ರು, ಕೀವಾಗಿ ಮತ್ತೆ ತೆಗೀಬೇಕಾಯ್ತು’ ಎನ್ನುವುದು. ಅವರು ಎದ್ದು ಹೋದ ಮೇಲೆ ಯಜಮಾನರು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ರಾಡ್, ಕೀವು ಅಂತ ಹುಡುಕುವುದು. ಒಂದು ವಿಡಿಯೋ ನೋಡಿದರೆ ಫೋನು ಅಂಥದ್ದೇ ಇನ್ನೊಂದನ್ನು ತಾನಾಗಿ ತಂದು ನಿಲ್ಲಿಸುತ್ತದೆ.

ಮೂರನೇ ವಾರದ ಹೊತ್ತಿಗೆ ದಿನಚರಿ ಹೀಗಿತ್ತು: ರಾತ್ರಿ ಎರಡರವರೆಗೆ ಫೋನು, ಬೆಳಿಗ್ಗೆ ಒಂಬತ್ತೂವರೆಗೆ ಎಚ್ಚರ, ಹನ್ನೊಂದಕ್ಕೆ ತಿಂಡಿ, ಮಧ್ಯಾಹ್ನ ಎರಡು ಗಂಟೆ ನಿದ್ದೆ, ಸಂಜೆ ಸಿಡಿಮಿಡಿ. ಮುಂಚೆ ದಿನಕ್ಕೆ ಏಳೆಂಟು ಇದ್ದ ಬೀಡಿ ಹದಿನೈದಕ್ಕೇರಿತ್ತು. ಮಂಚ ಇದ್ದದ್ದು ಒಳಕೋಣೆಯಲ್ಲಿ, ಕಿಟಕಿಗೆ ಪರದೆ. ಹೆಂಡತಿ ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಓಡಾಡುತ್ತ, ಯಾರು ಕೇಳಿದರೂ ‘ಏನಿಲ್ಲ, ಎಲ್ಲಾ ಸರಿಹೋಗುತ್ತೆ’ ಎನ್ನುತ್ತ ನಗುತ್ತಿದ್ದರು. ಮಗಳು ಟ್ಯೂಷನ್ ಫೀಸಿನ ಚೀಟಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳು.

ಹೊತ್ತು ಖಾಲಿಯಾದರೆ ಮನಸ್ಸು ಅರಳುತ್ತದೆ ಎಂಬ ನಂಬಿಕೆ ತಪ್ಪು. ಇದಕ್ಕೆ ಹಳೆಯ, ಗಟ್ಟಿ ಸಾಕ್ಷಿ ಆಸ್ಟ್ರಿಯದ ಮರಿಯೆಂಥಾಲ್ ಎಂಬ ಊರಿನದು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, 1930ರ ದಶಕದ ಆರಂಭದಲ್ಲಿ ಸಮಾಜ ಮನಃಶಾಸ್ತ್ರಜ್ಞೆ ಮಾರೀ ಯಹೋಡ ಮತ್ತು ಜೊತೆಗಾರರು ಅಲ್ಲಿನ ಬದುಕನ್ನು ಅಳೆದು ನೋಡಿದರು. ಬಿಡುವು ಬೇಕಾದಷ್ಟಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಇಳಿದಿತ್ತು. ಹೆಂಗಸರಿಗೆ ಮನೆಗೆಲಸದ ಹೊತ್ತುಗಳು ಉಳಿದಿದ್ದರಿಂದ ಅವರ ದಿನಕ್ಕೆ ಒಂದು ಆಕಾರವಿತ್ತು. ಈ ಮನೆಯಲ್ಲೂ ಮೊದಲು ಮುರಿದದ್ದು ಕಾಲು, ಎರಡನೆಯದು ದಿನದ ಆಕಾರ. ಹಾಗಾಗಿ ನಗಿಸುವ ಕೆಲಸವನ್ನು ಕೊನೆಗಿಟ್ಟು, ನೋವು, ನಿದ್ದೆ, ದುಡ್ಡು, ಕೆಲಸ, ಆಟ ಎಂಬ ಕ್ರಮದಲ್ಲಿ ರಿಪೇರಿ ಶುರುವಾಯಿತು. ಈ ಕ್ರಮ ಮುಖ್ಯ. ನಿದ್ದೆ ಸರಿಯಾಗದ ಮನೆಗೆ ಹೋಗಿ ಚೌಕಾಬಾರ ಹಾಸಿದರೆ ಕವಡೆ ಗೋಡೆಗೆ ಬಡಿಯುತ್ತದೆ.

ನೋವು ಮತ್ತು ನಿದ್ದೆ

ಯಜಮಾನರು ನೋವಿನ ಮಾತ್ರೆಯನ್ನು ತಡೆಯಲಾರದೆ ಹೋದಾಗ ಮಾತ್ರ ತೆಗೆದುಕೊಳ್ಳುತ್ತಿದ್ದರು. ‘ಮಾತ್ರೆ ಜಾಸ್ತಿ ಒಳ್ಳೇದಲ್ಲ’ ಎಂಬ ಅಭಿಮಾನ ಬೇರೆ. ಫಲ: ನೋವು ಏರಿದ ಮೇಲೆ ಮಾತ್ರೆ, ಅದು ಕೆಲಸ ಮಾಡಲು ಮುಕ್ಕಾಲು ಗಂಟೆ, ಅಷ್ಟರಲ್ಲಿ ಮನೆಯವರ ಮೇಲೆಲ್ಲ ಕೂಗಾಟ. ವೈದ್ಯರು ಬರೆದುಕೊಟ್ಟದ್ದನ್ನೇ ಗಡಿಯಾರ ನೋಡಿ, ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತಕ್ಕೆ ಎಂದು ಕ್ಯಾಲೆಂಡರಿನ ಮೇಲೆ ಬರೆದ ಮೇಲೆ ಸಂಜೆಯ ಸಿಡಿಮಿಡಿ ಅರ್ಧಕ್ಕರ್ಧ ಇಳಿಯಿತು. ಮೆಡಿಕಲ್ ಶಾಪಿನಿಂದ ಕೇಳಿ ತಂದ ಇನ್ನೊಂದು ನೋವಿನ ಮಾತ್ರೆಯನ್ನು ಇದರ ಜೊತೆ ಸೇರಿಸುವುದನ್ನು ನಿಲ್ಲಿಸಬೇಕಾಯಿತು. ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಅದು ಪೆಟ್ಟು. ಮಲಗಿದಾಗ ಕಾಲಡಿಗೆ ಎರಡು ದಿಂಬು, ಪಾದ ಎದೆಮಟ್ಟಕ್ಕಿಂತ ಮೇಲೆ. ಬಾವು ಇಳಿದರೆ ನೋವು ಇಳಿಯುತ್ತದೆ. ಹಾಗೆ ಇಟ್ಟರೂ ಮೀನಖಂಡ ಒಂದೇ ಕಡೆ ಬಿಗಿದು ಬಿಸಿಯಾಗಿ ನೋಯತೊಡಗಿದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು; ರಕ್ತ ಹೆಪ್ಪುಗಟ್ಟಿರಬಹುದು.

ನಿದ್ದೆಗೆ ಮಾಡಿದ ಬದಲಾವಣೆಗಳೆಲ್ಲ ಸಾಮಾನು ಸರಿಸುವಂಥವೇ. ಮಂಚ ಒಳಕೋಣೆಯಿಂದ ನಡುಮನೆಯ ಕಿಟಕಿ ಪಕ್ಕಕ್ಕೆ ಬಂತು: ಬೆಳಿಗ್ಗೆ ಬಿಸಿಲು ಮುಖಕ್ಕೆ ಬೀಳಲಿ, ಬೀದಿ ಕಾಣಲಿ. ಫೋನಿನ ಚಾರ್ಜರ್ ಅಡುಗೆಮನೆಗೆ ಹೋಯಿತು. ರಾತ್ರಿ ಹತ್ತಕ್ಕೆ ಫೋನೂ ಅಲ್ಲಿಗೆ. ನಿದ್ದೆ ಬಂದಿರಲಿ ಬಾರದಿರಲಿ ಏಳುವ ಹೊತ್ತು ಆರು, ಭಾನುವಾರವೂ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಅದೂ ಮೂರರೊಳಗೆ. ಮೊದಲ ನಾಲ್ಕು ದಿನ ಇದು ಹಿಂಸೆ. ರಾತ್ರಿಯೂ ನಿದ್ದೆಯಿಲ್ಲ, ಹಗಲೂ ಇಲ್ಲ. ಬಹಳ ಮನೆಗಳು ಇಲ್ಲೇ ಕೈಬಿಡುವುದು. ಐದಾರು ದಿನ ತಡೆದರೆ ರಾತ್ರಿ ಹತ್ತೂವರೆಗೆ ಕಣ್ಣು ತಾನಾಗಿ ಮುಚ್ಚುತ್ತದೆ.

ಬೀಡಿ ವಿಷಯದಲ್ಲಿ ಉಪದೇಶಕ್ಕಿಂತ ಮೂಳೆಯ ಮಾತು ನಡೆಯಿತು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸಿ ಮೂಳೆ ಕೂಡುವುದನ್ನು ತಡಮಾಡುತ್ತದೆ. ‘ಒಂದೊಂದು ಬೀಡಿಯೂ ಸ್ಟ್ಯಾಂಡಿಗೆ ಹೋಗೋ ದಿನ ಮುಂದೆ ಹಾಕುತ್ತೆ’ ಎಂದು ವೈದ್ಯರು ಹೇಳಿದ್ದು ನಾಟಿತು. ಹದಿನೈದು ನಾಲ್ಕಕ್ಕಿಳಿಯಿತು. ಪೂರ್ತಿ ನಿಲ್ಲಲಿಲ್ಲ.

ದುಡ್ಡಿನ ಹಾಳೆ

ಈ ಮನೆಯ ದುಃಖದಲ್ಲಿ ಅರ್ಧದಷ್ಟು ದುಡ್ಡಿನದು, ಅದರಲ್ಲೂ ಅರ್ಧ ಲೆಕ್ಕ ಗೊತ್ತಿಲ್ಲದ್ದರಿಂದ ಬಂದದ್ದು. ‘ಎಷ್ಟು ಕಡಿಮೆ ಬೀಳುತ್ತೆ’ ಎಂದು ಕೇಳಿದರೆ ಯಜಮಾನರು ‘ಒಂದು ಲಕ್ಷಕ್ಕೂ ಮೇಲೆ’ ಎನ್ನುತ್ತಿದ್ದರು, ಹೆಂಡತಿ ‘ಹೇಗೋ ಆಗುತ್ತೆ’ ಎನ್ನುತ್ತಿದ್ದರು. ಎರಡೂ ಲೆಕ್ಕವಲ್ಲ.

ಕಾಲು ಮುರಿಯುವ ಮುಂಚಿನ ತಿಂಗಳು: ಗ್ಯಾಸು, ರಿಪೇರಿ ಕಳೆದು ಆಟೋದಿಂದ 20,000, ಹೊಲಿಗೆಯಿಂದ 4,000, ಗೃಹಲಕ್ಷ್ಮಿ 2,000, ಒಟ್ಟು 26,000 ರೂಪಾಯಿ, ಬಂದಷ್ಟೂ ಖರ್ಚು. ಮನೆ ಬಾಡಿಗೆ 6,000, ಆಟೋ ಕಂತು 6,800, ಸಂಘದ ಸಾಲದ ಕಂತು 2,400, ದಿನಸಿ ತರಕಾರಿ 5,500, ಹಾಲು 1,500, ಮಿಕ್ಕದ್ದು ಸಿಲಿಂಡರು, ಟ್ಯೂಷನ್ನು, ತಾಯಿಯ ಔಷಧಿ, ಫೋನು ಮುಂತಾದವಕ್ಕೆ. ಬಿದ್ದ ಮೇಲೆ ಆದಾಯ 6,000ಕ್ಕೆ ಕುಸಿಯಿತು.

ದೊಡ್ಡ ಬದಲಾವಣೆ ತಂದದ್ದು ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿದ್ದ ಆಟೋ. ಅದನ್ನು ಇನ್ನೊಬ್ಬರಿಗೆ ಕೊಡಲು ಯಜಮಾನರಿಗೆ ಇಷ್ಟವಿರಲಿಲ್ಲ; ‘ಗಾಡಿ ಹಾಳು ಮಾಡ್ತಾರೆ’ ಎಂಬುದು ಮಾತು, ತನ್ನ ಸೀಟಿನಲ್ಲಿ ಬೇರೆಯವರು ಕೂರುವುದು ಸಂಕಟ. ಸ್ಟ್ಯಾಂಡಿನವರೇ ಪರಿಚಯದ ಒಬ್ಬ ಡ್ರೈವರನ್ನು ಹುಡುಕಿಕೊಟ್ಟರು. ದಿನಕ್ಕೆ 300 ಬಾಡಿಗೆ, ಗ್ಯಾಸು ಅವರದ್ದು, ತಿಂಗಳಿಗೆ 25 ದಿನ, 7,500. ಕಂತು ಅದರಲ್ಲೇ ಕಳೆಯಿತು. ಕೊಡುವ ಮುಂಚೆ ನೋಡಿಕೊಂಡದ್ದು ಲೈಸೆನ್ಸ್, ಇನ್ಶೂರೆನ್ಸ್ ಮತ್ತು ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪತ್ರ), ಮೂರರಲ್ಲಿ ಯಾವುದರದ್ದೂ ಅವಧಿ ಮುಗಿದಿಲ್ಲವೆಂದು. ಲೈಸೆನ್ಸ್ ಸರಿಯಿಲ್ಲದವರು ಓಡಿಸಿ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು, ಹೊರೆ ಮಾಲೀಕರ ತಲೆಗೆ.

ಹೊಲಿಗೆಯಲ್ಲಿ ಆಷಾಢ ಬರಗಾಲ. ಮದುವೆ ಮುಂಜಿ ಇಲ್ಲ. ಶ್ರಾವಣ ಬಂದರೆ ವರಮಹಾಲಕ್ಷ್ಮಿ, ಗೌರಿ, ದಸರಾ ಎಂದು ಸಾಲುಸಾಲು. ಹೊಲಿಗೆ 7,000ಕ್ಕೆ ಏರಬಹುದೆಂದು ಅಂದಾಜಿಸಿ, ಆದಾಯ 16,500 ಎಂದು ಬರೆಯಲಾಯಿತು. ಖರ್ಚನ್ನು ಹಿಂಡಿದಾಗ 24,150ಕ್ಕೆ ಇಳಿಯಿತು. ತಾಯಿಯ ಔಷಧಿಯನ್ನು ವೈದ್ಯರಿಗೆ ಕೇಳಿ ಜನೌಷಧಿ ಕೇಂದ್ರದಿಂದ ತಂದಿದ್ದಕ್ಕೆ 600 ಇದ್ದದ್ದು 250 ಆಯಿತು. ಹಾಲು 1,000ಕ್ಕಿಳಿಯಿತು. ನೆಂಟರಿಗೆ ಸಂಜೆ ನಾಲ್ಕರಿಂದ ಆರು ಎಂದು ಹೊತ್ತು ಗೊತ್ತುಮಾಡಿದ್ದರಿಂದ ಹೆಚ್ಚುವರಿ ಹಾಲು ನಿಂತಿತು. (ನೆಂಟರು ಮುನಿಸಿಕೊಳ್ಳುತ್ತಾರೆಂಬ ಭಯವಿತ್ತು. ‘ಡಾಕ್ಟ್ರು ಹೇಳಿದ್ದಾರೆ’ ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ.) ಮಗಳ ಟ್ಯೂಷನ್ ಮುಟ್ಟಲಿಲ್ಲ. ತಿಂಗಳಿಗೆ 7,650 ಕೊರತೆ, ಐದು ತಿಂಗಳಿಗೆ 38,250. ‘ಒಂದು ಲಕ್ಷಕ್ಕೂ ಮೇಲೆ’ ಎಂದು ಎದೆ ಮೇಲೆ ಕೂತಿದ್ದದ್ದು ಹಾಳೆಯ ಮೇಲೆ ಇಷ್ಟಾಯಿತು.

ಇದನ್ನು ತುಂಬಲು ಮೂರು ದಾರಿಯಿದ್ದವು: ಕೈಸಾಲ, ಫೋನಿನ ಸಾಲದ ಆ್ಯಪ್, ಬ್ಯಾಂಕಿನಲ್ಲಿ ಒಡವೆ. ಹೆಂಡತಿಯ ಸರ ಬ್ಯಾಂಕಿಗೆ ಹೋಯಿತು, 40,000 ಬಂತು. ಒಂದೇ ಸಾಲ, ಒಂದೇ ಕಡೆ. ಕೈಸಾಲವನ್ನು ಐದು ಕಡೆ ಮಾಡಿದ್ದರೆ ಬಡ್ಡಿ ಕಡಿಮೆಯಿರಬಹುದಿತ್ತು, ಆದರೆ ಐದು ಮನೆಯವರ ಮುಖ ತಪ್ಪಿಸಿ ಓಡಾಡುವ ಬದುಕಿನಲ್ಲಿ ಗೆಲುವು ಉಳಿಯುವುದಿಲ್ಲ. ಆ್ಯಪ್ ಸಾಲವಂತೂ ಫೋನಿನ ನಂಬರುಗಳಿಗೆಲ್ಲ ಕರೆಮಾಡಿ ಮಾನ ಕಳೆಯುವ ಮಟ್ಟಕ್ಕೆ ಹೋಗುತ್ತದೆ.

ಸಂಘದ ಸಾಲದವರು ಒಂದು ರಾತ್ರಿ ಏಳೂವರೆಗೆ ಬಾಗಿಲಿಗೆ ಬಂದಿದ್ದರು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಕಿರುಸಾಲದ ವಸೂಲಿಗೆ ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಕರೆಮಾಡಿ ಕಾಡುವುದು ಕೂಡದು. ಬಲವಂತದ ವಸೂಲಿ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಹೆಂಡತಿ ಜಗಳಕ್ಕೆ ಹೋಗಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ನಕಲು ಕೊಟ್ಟು, ‘ಕಂತು ತಪ್ಪಿಸಲ್ಲ, ಆರರ ಮೇಲೆ ಮನೆ ಹತ್ರ ಬರಬೇಡಿ, ಮಗಳು ಓದ್ತಾ ಇರ್ತಾಳೆ’ ಎಂದರು. ಆಮೇಲೆ ಬರಲಿಲ್ಲ.

ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಲಾಯಿತು. ನೆಂಟರ ಕಣ್ಣಿಗೆ ಬೀಳಬಾರದು. ದುಡ್ಡಿನ ಮಾತು ಭಾನುವಾರ ಸಂಜೆ ಐದರಿಂದ ಐದೂವರೆ ಮಾತ್ರ. ವಾರದ ನಡುವೆ ಯಾರಾದರೂ ತೆಗೆದರೆ ‘ಭಾನುವಾರ’ ಎಂದು ಹೇಳಿ ಬರೆದಿಡುವುದು. ಚಿಂತೆಗೆ ಹೊತ್ತು ಗೊತ್ತುಮಾಡುವ ಈ ಉಪಾಯವನ್ನು ಮನಃಶಾಸ್ತ್ರಜ್ಞರು 1980ರ ದಶಕದಿಂದ ಬಳಸುತ್ತಿದ್ದಾರೆ. ಚಿಂತಿಸಬೇಡ ಎಂದರೆ ಮನಸ್ಸು ಕೇಳುವುದಿಲ್ಲ, ಆಮೇಲೆ ಚಿಂತಿಸು ಎಂದರೆ ಕೇಳುತ್ತದೆ. ಮಗಳನ್ನೂ ಆ ಅರ್ಧ ಗಂಟೆಗೆ ಕೂರಿಸಿಕೊಂಡರು. ಅವಳ ಬ್ಯಾಗಿನಿಂದ ಫೀಸಿನ ಚೀಟಿ ಹೊರಬಂದದ್ದು ಮೊದಲ ಭಾನುವಾರವೇ.

ಮಂಚದ ಮೇಲಿನ ಕೆಲಸ

‘ನಾನು ಹೊರೆ’ ಎಂಬ ಮಾತಿಗೆ ‘ಇಲ್ಲ ರೀ, ನೀವು ಹಾಗೆಲ್ಲ ಅನ್ಕೋಬೇಡಿ’ ಎಂಬ ಉತ್ತರ ನಾಟುವುದಿಲ್ಲ. ನಾಟುವುದು ಕೆಲಸ.

ಬ್ಲೌಸಿಗೆ ಹುಕ್ಕು ಹಾಕಿ, ಕಾಜಾ ಕಟ್ಟಿ, ತೋಳಿನ ಅಂಚು ಕೈಹೊಲಿಗೆ ಹಾಕಲು ಕೈಪಳಗಿದವರಿಗೆ ಅರ್ಧ ಗಂಟೆಯ ಮೇಲೆ ಬೇಕು. ಈ ಕೆಲಸಕ್ಕೆ ಮಿಷನ್ ಬೇಡ, ಕಾಲು ಬೇಡ. ಐದನೇ ವಾರ ಯಜಮಾನರು ಇದನ್ನು ಕಲಿತರು. ಮೊದಲ ಬ್ಲೌಸಿಗೆ ಎರಡು ಗಂಟೆ. ಹುಕ್ಕುಗಳು ಒಂದರ ಕೆಳಗೊಂದು ನೇರ ಬರದೆ ಹೆಂಡತಿ ಬಿಚ್ಚಿ ಮತ್ತೆ ಹಾಕಿದರು. ಮೊದಲು ಸೀಮೆಸುಣ್ಣದ ಚೂರಿನಲ್ಲಿ ಒಂದೂಕಾಲು ಅಂಗುಲಕ್ಕೊಂದು ಚುಕ್ಕೆ ಇಟ್ಟುಕೊಂಡು ಆಮೇಲೆ ಹುಕ್ಕು ಎಂದಾದ ಮೇಲೆ ಕೆಲಸ ಹದಕ್ಕೆ ಬಂತು. ಎರಡು ವಾರದಲ್ಲಿ ದಿನಕ್ಕೆ ಮೂರು ಬ್ಲೌಸು ಮುಗಿಸುವಂತಾದರು. ಅಷ್ಟು ಹೊತ್ತು ಹೆಂಡತಿಗೆ ಮಿಷನ್ ಮೇಲೆ ಸಿಕ್ಕಿತು. ಶ್ರಾವಣದ ಹೊಲಿಗೆ ಅಂದಾಜು ಮೀರಿ 8,200 ಆಯಿತು. ಮೊದಮೊದಲು ಬಾಗಿಲು ಹಾಕಿಕೊಂಡೇ ಹೊಲಿಯುತ್ತಿದ್ದರು. ಸ್ಟ್ಯಾಂಡಿನ ಗೆಳೆಯನೊಬ್ಬ ಅಚಾನಕ್ಕಾಗಿ ಒಳಗೆ ಬಂದು, ‘ಏನ್ ಗುರು, ಮೀಟರ್ ಬಿಟ್ಟು ಟೇಪ್ ಹಿಡ್ದಿದೀಯ’ ಎಂದಾಗ ಮನೆಗೆ ಮನೆಯೇ ನಕ್ಕಿತು. ಬಿದ್ದ ಮೇಲೆ ಆ ಮನೆಯಲ್ಲಿ ಯಾರೂ ಬಲವಂತಪಡದೆ ನಕ್ಕದ್ದು ಅದೇ ಮೊದಲು. ಬಾಗಿಲು ಹಾಕುವುದು ಅಂದಿಗೆ ನಿಂತಿತು.

ಉಳಿದ ದಿನವನ್ನು ಹೊತ್ತುಗಳಿಗೆ ಕಟ್ಟಲಾಯಿತು: ಎಂಟರೊಳಗೆ ಸ್ನಾನ (ಪ್ಲಾಸ್ಟಿಕ್ ಕುರ್ಚಿ, ಗಾಯ ಒಣಗುವವರೆಗೆ ಕಾಲಿಗೆ ಪಾಲಿಥಿನ್ ಕವರು), ನಾಲ್ಕು ಹೊತ್ತು ವ್ಯಾಯಾಮ, ಹತ್ತರಿಂದ ಹುಕ್ಕು, ಸಂಜೆ ಏಳಕ್ಕೆ ಡ್ರೈವರ್‌ನಿಂದ ಬಾಡಿಗೆ ಇಸಿದುಕೊಂಡು ಬರೆಯುವುದು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಸರಳ: ಪಾದವನ್ನು ಮೇಲೆ ಕೆಳಗೆ 20 ಸಲ, ತೊಡೆ ಬಿಗಿಹಿಡಿದು ಐದು ಎಣಿಸಿ ಬಿಡುವುದು 10 ಸಲ. ಮನಸ್ಸು ಬಂದಾಗ ಮಾಡೋಣ ಎಂದರೆ ಮನಸ್ಸು ಬರುವುದಿಲ್ಲ. ಮಾಡಿದ ಮೇಲೆ ಮನಸ್ಸು ಬರುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತ ಚಿಕಿತ್ಸೆಯೇ ಇದೆ; ಅಮೆರಿಕದ ಮನಃಶಾಸ್ತ್ರಜ್ಞ ಪೀಟರ್ ಲೆವಿನ್ಸನ್ 1970ರ ದಶಕದಲ್ಲಿ ಅದಕ್ಕೆ ತಳಪಾಯ ಹಾಕಿದರು, ಖಿನ್ನತೆಗೆ ಇಂದಿಗೂ ಬಳಕೆಯಲ್ಲಿದೆ.

ಉಪಯೋಗವಿಲ್ಲದ ಅರ್ಧ ಗಂಟೆ

ಕೆಲಸವೊಂದೇ ಸಾಕಾಗುವುದಿಲ್ಲ. ಬಡತನದ ದಿನಗಳಲ್ಲಿ ಮೊದಲು ಕತ್ತರಿ ಬೀಳುವುದು ಉಪಯೋಗವಿಲ್ಲದ ಖುಷಿಗಳಿಗೆ. ಖರ್ಚು ಉಳಿಯುವುದು ಅತ್ಯಲ್ಪ, ನಷ್ಟ ದೊಡ್ಡದು. ಈ ಮನೆಯಲ್ಲಿ ರಾತ್ರಿ ಎಂಟೂವರೆಯಿಂದ ಒಂಬತ್ತು ಚೌಕಾಬಾರಕ್ಕೆ ಮೀಸಲಾಯಿತು. ಅಡ್ಡ ಐದು ಉದ್ದ ಐದು ಮನೆ, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕಟ್ಟೆಯ ಗುರುತು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ ಎಂದು ಎಂಟು. ಹುಣಸೆ ಬೀಜ, ಬಳೆಚೂರು, ಬಟನ್ನು, ಹುಕ್ಕಿನ ಪೊಟ್ಟಣದ ರಟ್ಟು ಕಾಯಿಗಳಾದವು. ಈ ಆಟವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಜ್ಜಿಗೂ ಮೊಮ್ಮಗನಿಗೂ ಸಮಬಲ, ಕವಡೆಯ ಕೈವಾಡ ಇರುವುದರಿಂದ ಸೋತವರಿಗೆ ಅವಮಾನವಿಲ್ಲ, ಕಡಿದಾಗ ಕೂಗಾಡಲು ಅವಕಾಶವಿದೆ. ಚದುರಂಗ ಇಟ್ಟಿದ್ದರೆ ಮಗಳು ಗೆಲ್ಲುತ್ತಿದ್ದಳು, ಅಪ್ಪ ಮೂರನೇ ದಿನ ತಲೆನೋವು ಎನ್ನುತ್ತಿದ್ದರು. ಮಗನ ಕಾಯಿಯನ್ನು ಅಜ್ಜಿ ಕಡಿದು ಕುಣಿದಾಡಿದ ರಾತ್ರಿಯ ನಂತರ ಆಕೆ ನೆಂಟರ ಮುಂದೆ ಬಿದ್ದ ಕಥೆಯ ಬದಲು ಕಡಿದ ಕಥೆ ಹೇಳತೊಡಗಿದರು.

ಹಗಲಿಗೆ ಜೊತೆಯಾದದ್ದು ರೇಡಿಯೋ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಶುರುಮಾಡಿದ ಬಾನುಲಿಯ ಊರಿದು. ಆಕಾಶವಾಣಿ ಹಾಕಿಟ್ಟುಕೊಂಡು ಹುಕ್ಕು ಹಾಕುವುದು ಅಭ್ಯಾಸವಾಯಿತು. ಫೋನಿಗಿಂತ ಇದು ಮೇಲು: ಬೆರಳಾಡಿಸಿ ಮುಂದಿನದ್ದಕ್ಕೆ ಹೋಗಲಾಗದು, ಕಣ್ಣೂ ಕೈಯೂ ಬಿಡುವಾಗಿರುತ್ತವೆ.

ನಗುತ್ತಿದ್ದವರು

ಒಂಬತ್ತನೇ ವಾರ, ಗೌರಿ ಹಬ್ಬದ ಬ್ಲೌಸುಗಳ ರಾಶಿಯ ನಡುವೆ, ಹೆಂಡತಿ ಅಡುಗೆಮನೆಯಲ್ಲಿ ಕುಸಿದು ಕೂತು ಒಂದು ಗಂಟೆ ಅತ್ತರು. ಮನೆಯವರಿಗೆ ಆಶ್ಚರ್ಯ. ಆಶ್ಚರ್ಯಪಡುವಂಥದ್ದೇನಿರಲಿಲ್ಲ. ಯೋಜನೆಯೆಲ್ಲ ಮಂಚದ ಸುತ್ತ ಇತ್ತು. ಐದಕ್ಕೆ ಎದ್ದು ಹನ್ನೊಂದಕ್ಕೆ ಮಲಗುವವರ ಲೆಕ್ಕ ಯಾರೂ ಇಟ್ಟಿರಲಿಲ್ಲ, ಏಕೆಂದರೆ ಆಕೆ ನಗುತ್ತಿದ್ದರು. ಇಂಥ ಮನೆಗಳಲ್ಲಿ ಮೊದಲು ವಿಚಾರಿಸಬೇಕಾದದ್ದು ಸದಾ ನಗುವವರನ್ನು. ಒಳಗಿನದನ್ನು ಅದುಮಿ ಮೇಲೆ ನಕ್ಕರೆ ಒಳಗಿನದು ಕಡಿಮೆಯಾಗುವುದಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮಾತಾಡುವಾಗ ಒಬ್ಬರು ಭಾವನೆ ಅದುಮಿಟ್ಟರೆ ಎದುರು ಕೂತವರ ರಕ್ತದೊತ್ತಡವೂ ಏರಿದ್ದು ಕಂಡುಬಂತು. ‘ಏನಿಲ್ಲ’ ಎಂಬ ನಗು ಮನೆಯವರನ್ನೂ ಹಗುರ ಮಾಡುತ್ತಿರಲಿಲ್ಲ.

ಆಕೆಗೆ ಸಿಕ್ಕಿದ್ದು ಮೂರು. ರಾತ್ರಿಯ ಪಾತ್ರೆ ಮಗಳು ಮಗ ಸರದಿಯಲ್ಲಿ. ತರಕಾರಿ ಹೆಚ್ಚುವುದು ಯಜಮಾನರ ಮಂಚಕ್ಕೆ. ಮಂಗಳವಾರ, ಶುಕ್ರವಾರ ಸಂಜೆ ಎರಡು ಗಂಟೆ ಮನೆಯಿಂದ ಹೊರಗೆ: ದೇವಸ್ಥಾನ, ಗೆಳತಿಯ ಮನೆ, ಎಲ್ಲಿಗಾದರೂ. ಶಕ್ತಿ ಯೋಜನೆಯಿಂದ ಬಸ್ಸಿಗೆ ಕಾಸಿಲ್ಲ. ಮೊದಲ ಶುಕ್ರವಾರ ಹೋದವರು ದಾರಿಯಲ್ಲಿ ತರಕಾರಿ, ಲೈನಿಂಗ್ ಬಟ್ಟೆ, ಔಷಧಿ ಎಲ್ಲ ತಂದರು. ಅದು ಹೊರಗೆ ಹೋದಂತಲ್ಲ. ಚೀಲ ಒಯ್ಯಕೂಡದೆಂದು ಮಗಳು ಕಟ್ಟುನಿಟ್ಟು ಮಾಡಿದಳು. ಜೊತೆಗೆ ಯಾರಾದರೂ ‘ಹೇಗಿದ್ದೀಯಮ್ಮ’ ಎಂದರೆ ‘ಸುಸ್ತಾಗಿದೆ’ ಎನ್ನುವ ಅನುಮತಿಯನ್ನು ಆಕೆ ತನಗೆ ತಾನೇ ಕೊಟ್ಟುಕೊಂಡರು. ಹಾಗೆ ಹೇಳತೊಡಗಿದ ಮೇಲೆ ಪಕ್ಕದ ಮನೆಯಿಂದ ವಾರಕ್ಕೊಮ್ಮೆ ಸಾರು ಬರತೊಡಗಿತು. ಎಲ್ಲ ಸರಿಯಿದೆ ಎನ್ನುವ ಮನೆಗೆ ಯಾರು ಸಾರು ಕಳಿಸುತ್ತಾರೆ?

ದಸರಾ ವಾರ

ಹನ್ನೆರಡನೇ ವಾರದ ಎಕ್ಸ್-ರೇಯಲ್ಲಿ ಮೂಳೆ ಕೂಡುವುದು ನಿಧಾನವಾಗಿದೆ ಎಂದು ಬಂತು. ಕಂಕುಳ ಕೋಲು ಇನ್ನೂ ಆರು ವಾರ. ಊರಲ್ಲಿ ದಸರಾ ದೀಪ, ಆಟೋದವರಿಗೆ ವರ್ಷದ ಸುಗ್ಗಿ. ಯಜಮಾನರು ಮನಸ್ಸಿನಲ್ಲಿ ‘ದಸರಾಕ್ಕೆ ಗಾಡಿ ಮೇಲೆ’ ಎಂದು ಲೆಕ್ಕ ಹಾಕಿದ್ದರು. ಐದು ದಿನ ಎಲ್ಲ ಬಿದ್ದುಹೋಯಿತು: ಸ್ನಾನವಿಲ್ಲ, ಹುಕ್ಕಿಲ್ಲ, ಫೋನು ಮತ್ತೆ ತಲೆದಿಂಬಿನಡಿ, ಬೀಡಿ ಒಂಬತ್ತು.

ತಪ್ಪು ಎರಡು ಕಡೆ ಇತ್ತು. ಒಂದು, ಗುರಿಯನ್ನು ತಾರೀಖಿಗೆ ಕಟ್ಟಿದ್ದು. ಮೂಳೆಗೆ ಕ್ಯಾಲೆಂಡರ್ ಗೊತ್ತಿಲ್ಲ. ಆಮೇಲೆ ಮನೆಯಲ್ಲಿ ‘ಯಾವಾಗ’ ಎಂಬ ಪ್ರಶ್ನೆಗೆ ‘ಮುಂದಿನ ಎಕ್ಸ್-ರೇ ನೋಡಿ’ ಎಂಬುದಷ್ಟೇ ಉತ್ತರವಾಯಿತು. ಎರಡು, ದಿನಚರಿಗೆ ಪೂರ್ತಿ ಇಲ್ಲವೇ ಸೊನ್ನೆ ಎಂಬ ಎರಡೇ ಸ್ಥಿತಿಯಿದ್ದದ್ದು. ಕೆಟ್ಟ ದಿನಕ್ಕೆಂದು ಬೇರೆಯೇ ಚಿಕ್ಕ ಪಟ್ಟಿ ಬೇಕಿತ್ತು. ಸ್ನಾನ, ಎರಡು ಹೊತ್ತು ವ್ಯಾಯಾಮ, ರಾತ್ರಿ ಆಟಕ್ಕೆ ಕೂರುವುದು. ಇಷ್ಟಾದರೆ ಆ ದಿನ ಪಾಸು. ಮುಂದಿನ ಎರಡು ತಿಂಗಳಲ್ಲಿ ಈ ಚಿಕ್ಕ ಪಟ್ಟಿ ಹಲವು ಸಲ ಬೇಕಾಯಿತು, ಮತ್ತೆ ಐದು ದಿನದ ಕುಸಿತ ಬರಲಿಲ್ಲ.

ಆಯುಧಪೂಜೆಗೆ ಬಾಡಿಗೆ ಡ್ರೈವರ್ ಆಟೋವನ್ನು ಮನೆಗೇ ತಂದರು. ಯಜಮಾನರು ಕೋಲೂರಿ ನಿಂತು ಬೂದುಗುಂಬಳಕ್ಕೆ ಕುಂಕುಮ ಹಚ್ಚಿದರು, ಒಡೆದದ್ದು ಮಗ. ಮಿಷನ್ನಿಗೂ ಹೂವು ಏರಿಸಿದರು. ಮರುವಾರದಿಂದ ದಿನಕ್ಕೊಮ್ಮೆ ಕೋಲಿನ ಮೇಲೆ ಸ್ಟ್ಯಾಂಡಿನವರೆಗೆ ಹೋಗಿ ಇಪ್ಪತ್ತು ನಿಮಿಷ ಕೂತು ಬರುವುದು ಶುರುವಾಯಿತು. ಮನೆಯವರು ಎಷ್ಟೇ ಮಾಡಿದರೂ ಸ್ಟ್ಯಾಂಡಿನ ತಮಾಷೆಯನ್ನು ಮನೆಯೊಳಗೆ ತರಲಾಗದು. ವೈದ್ಯರು ಕೋಲಿನ ಮೇಲೆ ನಡೆಯಲು ಒಪ್ಪಿದ್ದು ಆರನೇ ವಾರಕ್ಕೇ. ಆಗಲೇ ಹೋಗಬಹುದಿತ್ತು. ನಾಚಿಕೆ ಏಳು ವಾರ ತಿಂದುಹಾಕಿತು.

ಫಲಿಸದ್ದು

ಒಳ್ಳೆಯದನ್ನು ನೆನೆದು ದಿನಕ್ಕೆ ಮೂರು ಬರೆಯುವ ಪುಸ್ತಕ ನಾಲ್ಕನೇ ವಾರ ಶುರುವಾಗಿ ಐದನೇ ವಾರ ನಿಂತಿತು. ಯಜಮಾನರಿಗೆ ಅದು ಮೇಷ್ಟ್ರು ಕೊಟ್ಟ ಶಿಕ್ಷೆಯಂತಿತ್ತು. ಅದರ ಬದಲು ಬಾಡಿಗೆ ಬರೆಯುವ ಪುಸ್ತಕದಲ್ಲೇ ‘ಇವತ್ತು ಏನಾಯ್ತು’ ಎಂಬ ಒಂದು ಸಾಲು ಉಳಿಯಿತು. ವಾಟ್ಸಾಪಿನ ಸೂರ್ಯೋದಯದ ಚಿತ್ರ, ಸುಭಾಷಿತಗಳಿಂದ ಕಿರಿಕಿರಿ ಹೆಚ್ಚಿತೇ ಹೊರತು ಬೇರೇನಿಲ್ಲ. ನೋವು ಮರೆಯಲೆಂದು ಗೆಳೆಯರು ತಂದ ಕ್ವಾರ್ಟರ್ ಒಂದು ರಾತ್ರಿ ಮಲಗಿಸಿತು, ಮೂರು ಗಂಟೆಗೆ ಎಬ್ಬಿಸಿತು.

ಇದು ಕಷ್ಟಕಾಲವೋ, ಕಾಯಿಲೆಯೋ

ಮನೆಮದ್ದು ಎಲ್ಲಕ್ಕೂ ನಡೆಯುವುದಿಲ್ಲ. ಪಿಎಚ್‌ಕ್ಯೂ–9 ಎಂಬ, ಖಿನ್ನತೆ ಎಷ್ಟಿದೆಯೆಂದು ನೋಡುವ ಒಂಬತ್ತು ಪ್ರಶ್ನೆಯ ಪಟ್ಟಿ ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ: ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಬೇಸರ, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆ ಕೀಳುಭಾವ, ಏಕಾಗ್ರತೆ, ಮಂಕುತನ ಅಥವಾ ಚಡಪಡಿಕೆ, ಸಾಯುವ ಯೋಚನೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಬೇಕು. ಯಜಮಾನರದ್ದು ಮೂರನೇ ವಾರ 13, ದಸರಾ ಕುಸಿತದಲ್ಲಿ 12, ಇಪ್ಪತ್ತನೇ ವಾರ 5. ಹೆಂಡತಿಯದ್ದು ಒಂಬತ್ತನೇ ವಾರ 11 ಇತ್ತು. ಮೂರನೇ ವಾರವೇ ಮೂಳೆ ವೈದ್ಯರ ಮುಂದೆ ಮನಸ್ಸಿನ ಮಾತನ್ನೂ ಎತ್ತಿದರು. ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ನೋಡಿ, ಮಾತ್ರೆ ಸದ್ಯಕ್ಕೆ ಬೇಡ, ನಾಲ್ಕು ವಾರ ಬಿಟ್ಟು ಬನ್ನಿ ಎಂದರು. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ, ಅದರಿಂದ ಚೇತರಿಸುತ್ತಾರೆ.

ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ನೋಡುವಂತಿಲ್ಲ, ಒಬ್ಬರನ್ನೇ ಬಿಡುವಂತಿಲ್ಲ, ಅವತ್ತೇ ಸಹಾಯ ಕೇಳಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿರುತ್ತಾರೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಗೊತ್ತುಮಾಡಿದ ಮಂಗಳವಾರಗಳಲ್ಲಿ ಸಿಗುತ್ತಾರೆ.

ಇಪ್ಪತ್ತೆರಡನೇ ವಾರ

ಹದಿನೆಂಟನೇ ವಾರದ ಎಕ್ಸ್-ರೇ ಚೆನ್ನಾಗಿ ಬಂತು, ಕೋಲು ಒಂದಕ್ಕಿಳಿಯಿತು. ಇಪ್ಪತ್ತೆರಡನೇ ವಾರ, ವೈದ್ಯರು ಒಪ್ಪಿದ ಮೇಲೆ, ಯಜಮಾನರು ಬೆಳಿಗ್ಗೆ ಮೂರು ಗಂಟೆ ಹೊತ್ತು ಮಾತ್ರ ಗಾಡಿ ತೆಗೆದರು. ಮೊದಲು ಖಾಲಿ ಮೈದಾನದಲ್ಲಿ ಬ್ರೇಕ್ ಒತ್ತಿ ಒತ್ತಿ ಪರೀಕ್ಷಿಸಿ ನೋಡಿದ ಮೇಲೆ. ಮಧ್ಯಾಹ್ನದ ಪಾಳಿ ಬಾಡಿಗೆ ಡ್ರೈವರ್‌ಗೇ ಉಳಿಯಿತು, ದಿನಕ್ಕೆ 150ರಂತೆ. ಸರ ಇನ್ನೂ ಬ್ಯಾಂಕಿನಲ್ಲಿದೆ. ತಿಂಗಳಿಗೆ 3,500 ಕಟ್ಟಿ ಒಂದು ವರ್ಷದೊಳಗೆ ಬಿಡಿಸಿಕೊಳ್ಳುವ ಲೆಕ್ಕ ಬೀರುವಿನ ಹಾಳೆಯಲ್ಲಿದೆ. ಭಾನುವಾರದ ಅರ್ಧ ಗಂಟೆಯನ್ನೂ ಹೆಂಡತಿಯ ಎರಡು ಸಂಜೆಗಳನ್ನೂ ಮುಂದುವರಿಸಲು ತೀರ್ಮಾನವಾಯಿತು. ಚೌಕಾಬಾರ ಮಗಳ ಪರೀಕ್ಷೆ ಮುಗಿಯುವವರೆಗೆ ಶನಿವಾರಕ್ಕೆ ಮಾತ್ರ. ಹುಕ್ಕು ಹಾಕುವ ಕೆಲಸ ಯಜಮಾನರು ಬಿಟ್ಟರು. ಆ ಕೆಲಸಕ್ಕೆ ಈಗ ಪಕ್ಕದ ಬೀದಿಯ ಹುಡುಗಿಯೊಬ್ಬಳು ಬ್ಲೌಸಿಗೆ ಇಷ್ಟು ಎಂದು ತೆಗೆದುಕೊಂಡು ಬರುತ್ತಾಳೆ, ಅವಳ ಹುಕ್ಕುಗಳು ನೇರವಾಗಿಯೇ ಇರುತ್ತವೆ.